ಹನ್ನೊಂದನೆಯ ತಗ್ಗು

ನಾನು ಒಂದು ಹೆಣ್ಣು ಕುದುರೆ. ಇಂಗ್ಲೆಂಡಿನ ದಕ್ಷಿಣ ಭಾಗದ ಸರ್ರೆ ಸೀಮೆಯಲ್ಲಿ, ಒಬ್ಬ ಗೋಧಿ ರೈತನ ಲಾಯದಲ್ಲಿ ಹುಟ್ಟಿದೆ. ಅದು ಮಾರ್ಚ್ ತಿಂಗಳು. ಗಾಳಿ ಬಿಡುವಿಲ್ಲದೆ ಬೀಸುತ್ತಿತ್ತು. ಎದ್ದು ನಿಂತ ಮರಿ ಮೊದಲು ಅಮ್ಮನ ಕೆಚ್ಚಲು ಹುಡುಕುವುದು ಲೋಕದ ರೂಢಿ. ನಾನು ಮಾತ್ರ ಎದ್ದವಳೇ ತೆರೆದ ಬಾಗಿಲಿನತ್ತ ನಾಲ್ಕು ಹೆಜ್ಜೆ ಹಾಕಿ ಮುಗ್ಗರಿಸಿದೆನಂತೆ. "ಇದು ನಿಂತಲ್ಲಿ ನಿಲ್ಲೋ ಪೈಕಿ ಅಲ್ಲ" ಎಂದು ರೈತ ನಕ್ಕನಂತೆ. ಬೇಲಿಯಂಚಿನಲ್ಲಿ ಬೆಳೆಯುವ ಒಂದು ಹಳದಿ ಹೂವಿನ ಹೆಸರನ್ನು ನನಗಿಟ್ಟರು. ಟ್ಯಾನ್ಸಿ.

ನೇಗಿಲಿಗೆ ಹೂಡಿದ ಮೇಲೆ ರೈತನ ಮಾತು ನಿಜವಾಯಿತು. ಹೋಗು ಎಂದರೆ ಹೋಗುತ್ತಿದ್ದೆ. ಸಾಲಿನ ಕೊನೆಯಲ್ಲಿ ನಿಲ್ಲು ಎಂದರೆ ನನ್ನಿಂದ ಆಗುತ್ತಿರಲಿಲ್ಲ. ಗೊರಸು ನೆಲ ಕೆದರುತ್ತಿತ್ತು, ಕಿವಿ ಎಲ್ಲ ದಿಕ್ಕಿಗೂ ತಿರುಗುತ್ತಿತ್ತು. ಒಂದೆರಡು ಬೆಳೆ ತೆಗೆಯುವಷ್ಟರಲ್ಲಿ ಅವನಿಗೆ ನನ್ನ ಸಹವಾಸ ಸಾಕಾಯಿತು. ಪಕ್ಕದ ಹಾರ್ಕ್ಲಿ ಬಯಲಿನಲ್ಲಿ ಹೊಸದಾಗಿ ಒಂದು ಗಾಲ್ಫ್ ಕ್ಲಬ್ಬು ತಲೆಯೆತ್ತುತ್ತಿತ್ತು. ಮಣ್ಣು ಎಳೆಯಲು ಅವರಿಗೆ ಕುದುರೆಗಳು ಬೇಕಿದ್ದವು. ನನ್ನನ್ನು ಅಲ್ಲಿಗೆ ದಾಟಿಸಿದ.

ಹಾರ್ಕ್ಲಿ ಬೆಳೆ ಕೊಡದ ಬಯಲು. ಕೆಳಗೆಲ್ಲ ಮರಳು, ಮೇಲೆ ಹೀದರ್ ಎಂಬ ಕುರುಚಲು ಪೊದೆ, ಅಲ್ಲಲ್ಲಿ ಪೈನ್ ಮರಗಳು. ಆಗಸ್ಟಿನಲ್ಲಿ ಹೀದರ್ ಹೂ ಬಿಟ್ಟರೆ ಬಯಲಿಗೆ ಬಯಲೇ ನೇರಳೆ ಬಣ್ಣಕ್ಕೆ ತಿರುಗುತ್ತದೆ. ರೈತರು ಬೇಡವೆಂದು ಬಿಟ್ಟಿದ್ದ ಈ ನೆಲದ ಮೇಲೆ ಲಂಡನ್ನಿನ ಸ್ಥಿತಿವಂತರ ಕಣ್ಣು ಬಿತ್ತು. ಎಷ್ಟು ಮಳೆ ಸುರಿದರೂ ನೀರು ನಿಲ್ಲದ ಜಾಗ, ಗಾಲ್ಫಿಗೆ ಹೇಳಿ ಮಾಡಿಸಿದ್ದು ಎಂದರು.

ನನ್ನನ್ನು ನೋಡಿಕೊಳ್ಳಲು ಸಿಕ್ಕವನು ಆಂಬ್ರೋಸ್ ಟಕ್. ಮೈದಾನದ ಹುಲ್ಲು, ಮಣ್ಣು, ಕುದುರೆ ಎಲ್ಲ ಅವನ ಉಸ್ತುವಾರಿ. ಕುದುರೆಗಳಿಗೆ ಮನುಷ್ಯರ ಗುರುತು ಮುಖದಿಂದಲ್ಲ, ಕೈಯಿಂದ. ಟಕ್‌ನ ಕೈ ಒರಟು, ಆದರೆ ಅವಸರ ಇಲ್ಲದ್ದು. ಅವನು ನನಗೂ ನನ್ನ ಜೊತೆಗಾರ ಬ್ರಾಮ್‌ಗೂ ತೊಗಲಿನ ಬೂಟು ತೊಡಿಸಿದ. ನಾಲ್ಕೂ ಕಾಲಿಗೆ, ದೊಡ್ಡ ಚೀಲಗಳಂಥ ಬೂಟು. ಲಾಳ ಹೊಡೆದ ಗೊರಸು ಹುಲ್ಲಿನ ಮೇಲೆ ಗುಂಡಿ ಬೀಳಿಸಬಾರದು ಎಂದು ಆ ಕಾಲದಲ್ಲಿ ಗಾಲ್ಫ್ ಮೈದಾನದ ಕುದುರೆಗಳಿಗೆಲ್ಲ ಹಾಗೆ ಮಾಡುತ್ತಿದ್ದರು. ಬ್ರಾಮ್ ಸಮಾಧಾನದ ಪ್ರಾಣಿ, ಮೊದಲ ದಿನವೇ ಒಗ್ಗಿಕೊಂಡ. ನಾನು ಬೂಟನ್ನು ಒದ್ದು ಒದ್ದು ಬೇಲಿಯಾಚೆ ಎಸೆದೆ.

ಮೈದಾನದ ವಿನ್ಯಾಸಕ್ಕೆಂದು ಕ್ಲಬ್ಬಿನವರು ಹೆಸರುವಾಸಿ ಆಟಗಾರನೊಬ್ಬನನ್ನು ಕರೆಸಿದರು. ಅವನು ಬೆಳಗಿನ ರೈಲಿಗೆ ಬಂದ. ಕಂಕುಳಲ್ಲಿ ಗೂಟಗಳ ಕಟ್ಟು ಹಿಡಿದು ಬಯಲು ಸುತ್ತಿದ. ಇಲ್ಲಿಂದ ಚೆಂಡು ಹೊಡೆಯಿರಿ, ಅಲ್ಲಿ ಕುಳಿ ತೋಡಿ ಎನ್ನುತ್ತ ಹದಿನೆಂಟು ಜಾಗ ತೋರಿಸಿದ. ನಡುವೆ ಭರ್ಜರಿ ಊಟ ಮಾಡಿದ. ಸಂಜೆಯ ರೈಲಿಗೆ ಹೊರಟುಹೋದ. ಆಗ ಗಾಲ್ಫ್ ಮೈದಾನ ರೂಪಿಸುವುದೆಂದರೆ ಅಷ್ಟೇ. ಅವನು ಹೇಳಿದಂತೆ ಪ್ರತಿ ದಾರಿಗೂ ಅಡ್ಡಲಾಗಿ ನೆಟ್ಟನೆ ಒಡ್ಡುಗಳನ್ನು ಕಟ್ಟಿದೆವು. ಒಡ್ಡಿನ ಮುಂದೆ ಉದ್ದಕ್ಕೆ ಮರಳಿನ ಗುಂಡಿ. ಒಡ್ಡು ದಾಟಿಸಿ ಹೊಡೆಯಲಾರದವನ ಚೆಂಡು ಮರಳಿಗೆ ಬೀಳಬೇಕು, ಅವನು ಅಲ್ಲಿ ಒದ್ದಾಡಬೇಕು. ಮೊರದಂಥ ದೊಡ್ಡ ಕಬ್ಬಿಣದ ಸಾಧನಕ್ಕೆ ನನ್ನನ್ನೂ ಬ್ರಾಮ್‌ನನ್ನೂ ಕಟ್ಟಿ ಆ ಮಣ್ಣನ್ನೆಲ್ಲ ಎಳೆಸಿದರು.

ಎಡ್ಗರ್ ಪಾಸ್ಕೋ ನನ್ನ ಬದುಕಿಗೆ ಬಂದದ್ದು ಆ ಒಡ್ಡುಗಳ ಮೇಲೆ ಹುಲ್ಲು ಚಿಗುರಿದ ಮೇಲೆ. ಅವನು ಕ್ಲಬ್ಬಿನ ಸದಸ್ಯ, ಓದಿದ್ದು ವಕೀಲಿಕೆ. ತಂಗಿ ವಿನಿಫ್ರೆಡ್ ಜೊತೆ ಮೈದಾನದ ಅಂಚಿನ ಮನೆಯೊಂದರಲ್ಲಿ ಇದ್ದ. ಆಡುವುದಕ್ಕೆಂದು ಬಂದು ಆಟದ ನಡುವೆಯೇ ನಿಂತುಬಿಡುತ್ತಿದ್ದ. ಬಗ್ಗಿ ನೆಲ ನೋಡುತ್ತಿದ್ದ, ಹಿಂದೆ ಹೋಗಿ ಮತ್ತೆ ನೋಡುತ್ತಿದ್ದ. ಒಂದು ದಿನ ಒಡ್ಡಿನ ಮೇಲೆ ಹತ್ತಿ ಟಕ್‌ನನ್ನು ಕರೆದ.

"ಟಕ್, ಈ ಒಡ್ಡು ನೋಡಿದ್ರೆ ನಿನಗೆ ಏನನ್ನಿಸುತ್ತೆ?"

"ಕಟ್ಟೋವಾಗ ಸೊಂಟ ಬಿದ್ದುಹೋಯ್ತು ಅನ್ಸುತ್ತೆ ಸರ್."

"ಸಮಾಧಿಗಳ ಸಾಲು ಇದ್ದ ಹಾಗಿದೆ. ನೆಲ ತಾನಾಗೇ ಏರಿ ಇಳಿದು ಇಷ್ಟು ಚೆಂದ ಇರುವಾಗ ಅದರ ಬೆನ್ನ ಮೇಲೆ ಇದನ್ಯಾಕೆ ಹೊರಿಸಬೇಕು?"

ಟಕ್ ಸೊಂಟ ಸವರಿಕೊಂಡ. ಕಟ್ಟಿದ್ದನ್ನು ಕೆಡವುವ ಕೆಲಸ ಬರಲಿದೆ ಎಂದು ಅವನಿಗೆ ವಾಸನೆ ಹೊಡೆದಿರಬೇಕು.

ಬಂದೇ ಬಂತು. ಎಡ್ಗರ್ ವಕೀಲಿಕೆ ಬಿಟ್ಟ. ಕ್ಲಬ್ಬಿನ ಸಭೆಗಳಲ್ಲಿ ವಾದಿಸಿ, ಜಗಳವಾಡಿ, ಕೊನೆಗೆ ಮೈದಾನವನ್ನು ಹೊಸದಾಗಿ ರೂಪಿಸುವ ಅಧಿಕಾರ ಪಡೆದ. ಅವನ ರೀತಿಯೇ ಬೇರೆ. ಬೆಳಿಗ್ಗೆ ನನ್ನ ಲಗಾಮು ಬಿಚ್ಚಿ ಬಯಲಿಗೆ ಬಿಡುತ್ತಿದ್ದ. ನಾನು ಯಾವ ಏರನ್ನು ಬಳಸಿ ಹೋಗುತ್ತೇನೆ, ಯಾವ ಕಣಿವೆಗೆ ಇಳಿಯುತ್ತೇನೆ ಎಂದು ಹಿಂದೆಯೇ ಬರುತ್ತಿದ್ದ. ಅವನ ಹಿಂದೆ ಗೂಟಗಳನ್ನು ಹೊತ್ತ ವಿನಿಫ್ರೆಡ್. ಅವಳು ಅಣ್ಣನಿಗಿಂತ ಚೆನ್ನಾಗಿ ಆಡುತ್ತಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಹೆಂಗಸರು ಆಡಬೇಕಾದದ್ದು ಗಂಡಸರು ಬಾರದ ಹೊತ್ತಿನಲ್ಲಿ, ಕ್ಲಬ್ಬಿನ ಕಟ್ಟಡಕ್ಕೆ ಹೋಗಬೇಕಾದದ್ದು ಪಕ್ಕದ ಬಾಗಿಲಿನಿಂದ. ಹಾಗಾಗಿ ಅವಳ ಆಟವನ್ನು ಹೆಚ್ಚಾಗಿ ನೋಡಿದವರು ಎಡ್ಗರ್, ಟಕ್ ಮತ್ತು ಎರಡು ಕುದುರೆಗಳು.

ಒಡ್ಡುಗಳು ಒಂದೊಂದಾಗಿ ನೆಲಸಮವಾದವು. ಅವುಗಳ ಜಾಗದಲ್ಲಿ, ಗಾಳಿಯೇ ಕೊರೆದಂತೆ ಕಾಣುವ ಅಂಕುಡೊಂಕು ಅಂಚಿನ ಮರಳುಗುಂಡಿಗಳು ಬಂದವು. ಇಂಥ ಗುಂಡಿಗೆ ಆಟದವರು ಬಂಕರ್ ಎನ್ನುತ್ತಾರೆ. ಹದಿನೆಂಟರಲ್ಲಿ ಎಡ್ಗರ್‌ಗೆ ಹೆಚ್ಚು ಹುಚ್ಚು ಹಿಡಿಸಿದ್ದು ಹನ್ನೊಂದನೆಯದು, ಅವನ ಮನೆಯ ಬೇಲಿಗೆ ತಾಗಿಕೊಂಡೇ ಹೋಗುವ ದಾರಿ. ಉದ್ದನೆಯ ಕಣಿವೆ, ಕೊನೆಯಲ್ಲಿ ಏರು, ಏರಿನ ಮೇಲೆ ಗ್ರೀನ್, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಅಂಗಳ. ಕಣಿವೆಯ ನಟ್ಟನಡುವೆ ಎಡ್ಗರ್ ಒಂದು ಬಂಕರ್ ತೋಡಿಸಿದ. ಆಳ ಆಳುದ್ದ, ಅಂಚು ಗೋಡೆಯಂತೆ ಕಡಿದು. ಹತ್ತಿರದ ದಾರಿ ಬೇಕೆಂದರೆ ಅದರ ಬಾಯಿಯ ಪಕ್ಕವೇ ಹೊಡೆಯಬೇಕು. ಹೆದರಿದವನು ಬಲಕ್ಕೆ ಬಳಸಿ ಹೋಗಬೇಕು, ಹೋದರೆ ಒಂದು ಹೊಡೆತ ಕಳೆದುಕೊಂಡಂತೆ. ಕೆಲಸದವರು ಅದಕ್ಕೆ ಬಾವಿ ಎಂದೇ ಹೆಸರಿಟ್ಟರು.

ಬಾವಿಯನ್ನು ತೋಡಿದ್ದೆಷ್ಟು ಸಲ, ಮುಚ್ಚಿದ್ದೆಷ್ಟು ಸಲ. ಮುಂದೆ ತರುತ್ತಿದ್ದ, ಹಿಂದೆ ಒಯ್ಯುತ್ತಿದ್ದ, ಅಂಚನ್ನು ಓರೆ ಮಾಡಿಸುತ್ತಿದ್ದ.

"ನಿನ್ನೆ ಇದೇ ಜಾಗದಲ್ಲಿ ನಿಂತು ಚೆನ್ನಾಗಿದೆ ಅಂದೆ, ಎಡ್ಗರ್" ಎನ್ನುತ್ತಿದ್ದಳು ವಿನಿಫ್ರೆಡ್.

"ನಿನ್ನೆ ಗಾಳಿ ಪಶ್ಚಿಮದಿಂದ ಬೀಸ್ತಿತ್ತು."

ಟಕ್ ಒಳಗೊಳಗೇ ಗೊಣಗುತ್ತಿದ್ದ. ಬ್ರಾಮ್ ನಿಟ್ಟುಸಿರು ಬಿಡುತ್ತಿದ್ದ. ನನಗೊಬ್ಬಳಿಗೇ ಈ ಮನುಷ್ಯ ಹಿಡಿಸಿದ್ದ. ನಿಂತಲ್ಲಿ ನಿಲ್ಲದ ಇನ್ನೊಂದು ಜೀವ ಸಿಕ್ಕಿತಲ್ಲ ಎಂದುಕೊಂಡೆ.

ಬಾವಿಗೆ ಕೊನೆಗೂ ಒಂದು ರೂಪ ಬಂತು, ಅದರ ಹೆಸರು ಲಂಡನ್ನಿಗೂ ಹೋಯಿತು. ದೂರದೂರದಿಂದ ಜನ ಅದರಲ್ಲಿ ಚೆಂಡು ಕಳೆದುಕೊಳ್ಳಲೆಂದೇ ಬರತೊಡಗಿದರು. ಎಡ್ಗರ್ ಮಾತ್ರ ಬೇಲಿಯ ಹತ್ತಿರ ನಿಂತು ಇನ್ನೂ ಒಂದು ಕಡೆ ಸರಿಯಿಲ್ಲ ಎನ್ನುತ್ತಿದ್ದ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಸೈನ್ಯದವರು ಲಾಯಕ್ಕೆ ಬಂದು ನಮ್ಮ ಹಲ್ಲು, ಗೊರಸು, ಎದೆ ಎಲ್ಲ ನೋಡಿದರು. ನನ್ನ ಎಡಗಣ್ಣಿನಲ್ಲಿ ಆಗಲೇ ಪೊರೆ ಕಟ್ಟಲು ಶುರುವಾಗಿತ್ತು; ನನ್ನನ್ನು ಬಿಟ್ಟರು. ಬ್ರಾಮ್‌ನನ್ನು ಹಗ್ಗ ಹಾಕಿ ಕರೆದೊಯ್ದರು. ಅವನು ತಿರುವಿನಲ್ಲಿ ಒಮ್ಮೆ ಕೂಗಿದ, ನಾನೂ ಕೂಗಿದೆ. ಅವನು ತಿರುಗಿ ಬರಲಿಲ್ಲ. ಅದೇ ತಿಂಗಳು ಎಡ್ಗರ್ ಖಾಕಿ ತೊಟ್ಟು ಬಂದು ನನ್ನ ಕುತ್ತಿಗೆ ತಟ್ಟಿ, "ಬಾವಿ ನೋಡ್ಕೋ" ಎಂದು ಹೇಳಿ ಹೋದ.

ಯುದ್ಧ ಎಳೆಯುತ್ತ ಹೋದಂತೆ ದೇಶಕ್ಕೆ ಉಣ್ಣುವುದೇ ಕಷ್ಟವಾಯಿತು. ಆಡುವ ಜಾಗದಲ್ಲಿ ಆಲೂಗಡ್ಡೆ ಬೆಳೆಯಿರಿ ಎಂದು ಆಜ್ಞೆ ಬಂತು. ಪಕ್ಕದ ಊರಿನ ರೈತನೊಬ್ಬನ ಕೈಗೆ ಅರ್ಧ ಮೈದಾನವನ್ನೂ ಅದರ ಜೊತೆ ನನ್ನನ್ನೂ ಒಪ್ಪಿಸಿದರು. ಅವನು ತೊಗಲಿನ ಬೂಟನ್ನು ನೋಡಿ ನಕ್ಕು ಮೂಲೆಗೆ ಎಸೆದ. ಬರಿಯ ಲಾಳದ ಕಾಲಿನಲ್ಲಿ, ನಾನೇ ಎಳೆದ ಮಣ್ಣಿನ ಮೇಲೆ, ನಾನೇ ಉರುಳು ಕಲ್ಲು ಎಳೆದು ನುಣುಪು ಮಾಡಿದ ಗ್ರೀನುಗಳ ಮೇಲೆ ನೇಗಿಲು ಎಳೆದೆ. ಟಕ್ ಆ ದಿನ ಮೈದಾನದ ಕಡೆಗೇ ಬರಲಿಲ್ಲ. ವಿನಿಫ್ರೆಡ್ ಬಂದಳು. ಗಂಡಸರಿಲ್ಲದ ಊರಿನ ಹೆಂಗಸರನ್ನು ಕೂಡಿಸಿಕೊಂಡು ನನ್ನ ಹಿಂದೆ ಸಾಲಿನಲ್ಲಿ ಬಿತ್ತನೆ ಗಡ್ಡೆ ಊರುತ್ತ ನಡೆದಳು. ಅವಳ ಸ್ಕರ್ಟಿನ ಅಂಚೆಲ್ಲ ಮಣ್ಣು. ಅತ್ತಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅವಳಿದ್ದದ್ದು ನನ್ನ ಪೊರೆ ಬಂದ ಎಡಗಣ್ಣಿನ ಕಡೆ.

ಯುದ್ಧ ಮುಗಿದ ಮೇಲೆ, ವರ್ಷಗಟ್ಟಲೆ ಮಣ್ಣಿನ ಕಂದಕಗಳಲ್ಲಿ ಕಳೆದಿದ್ದ ಎಡ್ಗರ್ ಬಂದ. ಬೇಲಿಯ ಬಳಿ ನಿಂತು ನನ್ನತ್ತ ನೋಡಿದ, ಕೈ ಮಾತ್ರ ಜೇಬಿನಿಂದ ತೆಗೆಯಲಿಲ್ಲ. ಬೆದರಿದ ಕುದುರೆಯ ಬೆವರಿಗೆ ಒಂದು ವಾಸನೆ ಇರುತ್ತದೆ. ಆ ವಾಸನೆ ಅವನಿಂದ ಬರುತ್ತಿತ್ತು.

ಕ್ಲಬ್ಬಿಗೆ ಆಗ ಕ್ಲೇವರಿಂಗ್ ಎಂಬವನು ಅಧ್ಯಕ್ಷ. ಬಿಯರ್ ತಯಾರಿಸುವ ಮನೆತನದವನು, ದಪ್ಪ ಮೀಸೆ, ದಪ್ಪ ದನಿ, ಹಿಡಿದ ಹಟ ಬಿಡದವನು. ಯುದ್ಧದಿಂದ ಬಂದ ಅಧಿಕಾರಿಯೆಂದು ಗೌರವಿಸಿ ಮೈದಾನವನ್ನು ಮತ್ತೆ ಕಟ್ಟುವ ಕೆಲಸವನ್ನು ಎಡ್ಗರ್‌ಗೇ ವಹಿಸಿದ. "ಮೊದಲಿದ್ದ ಹಾಗೇ ಆಗಬೇಕು, ಪಾಸ್ಕೋ. ಮುಖ್ಯವಾಗಿ ಆ ಬಾವಿ" ಎಂದ.

ಎಡ್ಗರ್ ಮೊದಲ ದಿನ ಟಕ್ ಜೊತೆ ಹನ್ನೊಂದಕ್ಕೆ ಬಂದ. ನಾನು ಗಾಡಿಗೆ ಕಟ್ಟಿಸಿಕೊಂಡು ಬಾವಿಯ ಅಂಚಿನಲ್ಲಿ ನಿಂತಿದ್ದೆ. ಬಾವಿಯ ಗೋಡೆ ಅಲ್ಲಲ್ಲಿ ಕುಸಿದಿತ್ತು, ಕೊಳೆತ ಎಲೆ ತಳದ ಮರಳನ್ನು ಮುಚ್ಚಿ ನೀರು ಇಂಗದೆ ನಿಂತಿತ್ತು. ಅಳತೆ ನೋಡಲು ಎಡ್ಗರ್ ಒಳಗಿಳಿದ. ಇಳಿದವನು ಅಲ್ಲೇ ನಿಂತ. ಮಣ್ಣಿನ ಗೋಡೆಗೆ ಮುಖ ಹಚ್ಚಿದ. ನಿಧಾನವಾಗಿ ಮೊಣಕಾಲೂರಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿ ಕೂತ.

"ಸರ್" ಎಂದ ಟಕ್. ಟಕ್ ಒಳಗಿಳಿದು, ಆ ಕೊಳಕು ನೀರಿನಲ್ಲೇ ಅವನ ಪಕ್ಕ ಕೂತ. ಬೆನ್ನ ಮೇಲೆ ಕೈ ಇಟ್ಟ. ಹೆದರಿದ ಕುದುರೆಯ ಬೆನ್ನ ಮೇಲೂ ಅವನು ಹಾಗೇ ಕೈ ಇಡುತ್ತಿದ್ದ. ಬಹಳ ಹೊತ್ತಿನ ಮೇಲೆ ಇಬ್ಬರೂ ಮೇಲೆ ಬಂದರು.

"ತುಂಬಿಸು, ಟಕ್" ಎಂದ ಎಡ್ಗರ್. "ಇದನ್ನ. ಉಳಿದ ಗುಂಡಿಗಳನ್ನ. ಎಲ್ಲವನ್ನೂ. ಮೇಜಿನ ಹಾಗೆ ಆಗ್ಬೇಕು."

ಮರುದಿನದಿಂದಲೇ ಮಣ್ಣು ಎಳೆಯತೊಡಗಿದೆ. ಬಾವಿ ಅರ್ಧ ತುಂಬಿದಾಗ ವಿನಿಫ್ರೆಡ್ ಬಂದು ನನ್ನ ಲಗಾಮು ಹಿಡಿದಳು. ಎಡ್ಗರ್ ಮನೆಯಿಂದ ಓಡಿ ಬಂದ.

"ಬಿಡು, ವಿನಿ."

"ಮೈದಾನವೆಲ್ಲ ಚಪ್ಪಟೆಯಾದ್ರೆ ನಿನಗೆ ನೆಮ್ಮದಿ ಆಗುತ್ತಾ?"

"ಗೊತ್ತಿಲ್ಲ. ಇದು ಹೀಗೇ ಇದ್ರೆ ಆಗಲ್ಲ ಅನ್ನೋದು ಮಾತ್ರ ಗೊತ್ತು. ಕಿಟಕಿಯಿಂದ ದಿನಾ ಕಾಣುತ್ತೆ ಇದು."

"ಏನು ಕಾಣುತ್ತೆ ಹೇಳು. ಗುಂಡಿ ಆಗಲ್ವಾ? ಮರಳು ಆಗಲ್ವಾ? ಯಾವುದು ಆಗಲ್ಲ?"

ಎಡ್ಗರ್‌ನ ಕೈ ಬಾವಿಯತ್ತ ಚಾಚಿತು. ಅದನ್ನು ಮತ್ತೆ ಜೇಬಿಗೆ ಸೇರಿಸಿದ. "ಗೋಡೆ" ಎಂದ. "ಒಳಗೆ ನಿಂತ್ರೆ ಸುತ್ತ ಮಣ್ಣು, ಮೇಲೆ ಒಂದು ತುಂಡು ಆಕಾಶ. ಆಚೆ ಏನಿದೆ ಅಂತ ಕಾಣಲ್ಲ. ಯಾರು ಬರ್ತಿದ್ದಾರೆ ಅಂತ ಕಾಣಲ್ಲ. ಅದೇ." ಇಷ್ಟು ಹೇಳಿ ತಿರುಗಿ ಹೋಗಿಬಿಟ್ಟ.

ವಿನಿಫ್ರೆಡ್ ಲಗಾಮು ಹಿಡಿದೇ ನಿಂತಿದ್ದಳು. ನಾನು ತಲೆ ಕೊಡವಿದೆ, ಕಾಲು ಬದಲಿಸಿದೆ. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಆಮೇಲೆ ಟಕ್ ಕಡೆ ನೋಡಿದಳು.

"ಬಾವಿಯನ್ನ ಮುಚ್ಚೋಣ. ಆದ್ರೆ ಮೇಜಿನ ಹಾಗೆ ಬೇಡ. ಉದ್ದಕ್ಕೆ, ಅಗಲಕ್ಕೆ, ತಟ್ಟೆಯ ಹಾಗೆ ಒಂದು ತಗ್ಗು ಉಳಿಸೋಣ. ಅದರಾಚೆ ಒಂದು ಉಬ್ಬು, ಉಬ್ಬಿನಾಚೆ ಇನ್ನೊಂದು ತಗ್ಗು, ಹಾಗೇ ಗ್ರೀನ್‌ವರೆಗೆ. ಎಲ್ಲ ಹುಲ್ಲು. ಎಲ್ಲೂ ಮರಳು ಬೇಡ."

"ಯಜಮಾನ್ರು ಹೇಳಿದ್ರಾ, ಮಿಸ್?"

"ಹೇಳಿದ್ದಾನೆ ಅಂತ ಇಟ್ಕೋ."

ಟಕ್ ಅವಳ ಮುಖ ನೋಡಿದ. ನನ್ನ ಮುಖವನ್ನೂ ನೋಡಿದ, ನನ್ನ ಅಭಿಪ್ರಾಯ ಕೇಳುವವನಂತೆ. ಆಮೇಲೆ ಕೈಗೆ ಉಗುಳಿಕೊಂಡು ಸನಿಕೆ ಎತ್ತಿದ.

ಆ ಚಳಿಗಾಲವಿಡೀ ನನಗೆ ಹಳೆಯ ದಿನಗಳೇ ಮರಳಿ ಬಂದಂತಾಯಿತು. ವಿನಿಫ್ರೆಡ್ ಅಣ್ಣನಿಗಿಂತ ಒಂದು ಕೈ ಮೇಲೆ. ಬೆಳಿಗ್ಗೆ ಎಳೆದು ಹಾಕಿದ ಮಣ್ಣನ್ನು ಮಧ್ಯಾಹ್ನ ತೆಗೆಸುತ್ತಿದ್ದಳು. ತಗ್ಗಿನ ತಳದಲ್ಲಿ ಬಕೆಟ್ ಬೋರಲು ಹಾಕಿ ಟಕ್‌ನನ್ನು ಅದರ ಮೇಲೆ ಕೂರಿಸುತ್ತಿದ್ದಳು.

"ಏನು ಕಾಣುತ್ತೆ?"

"ಪೈನ್ ಮರದ ತುದಿ, ಮಿಸ್."

"ಬುಡ?"

"ಬುಡ ಕಾಣಲ್ಲ."

"ಹಾಗಾದ್ರೆ ಏಳು. ಇನ್ನೂ ಸ್ವಲ್ಪ ತುಂಬಬೇಕು."

ಮರದ ಬುಡ, ಹೀದರಿನ ಅಂಚು, ದೂರದ ರಸ್ತೆ, ಬರುವವನ ಇಡೀ ಮೈ, ಎಲ್ಲವೂ ಕೂತ ಮನುಷ್ಯನಿಗೆ ಕಾಣುವವರೆಗೆ ಅವಳು ಬಿಡಲಿಲ್ಲ. ಹಾಗಂತ ಆಟ ಸುಲಭವಾಗಲೂ ಬಿಡಲಿಲ್ಲ. ಸ್ವಲ್ಪ ದಾರಿ ತಪ್ಪಿದ ಚೆಂಡು ಉಬ್ಬಿನ ಒಂದು ಮಗ್ಗುಲಿಗೆ ಉರುಳಿ ತಗ್ಗಿಗೆ ಸೇರಬೇಕು. ಅಲ್ಲಿ ಮರಳಿಲ್ಲ, ಗೋಡೆಯಿಲ್ಲ. ಆದರೆ ಆಟಗಾರನ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಅಲ್ಲಿಂದ ಗ್ರೀನಿಗೆ ಚೆಂಡು ನಿಲ್ಲಿಸುವುದು ಹೇಗೆಂದು ಅವನೇ ಕಂಡುಕೊಳ್ಳಬೇಕು. ತೃಪ್ತಿಯಿಲ್ಲದೆ ಅವಳು ಆಡಿ ನೋಡುತ್ತಿದ್ದಳು, ಮತ್ತೆ ಮಣ್ಣು ತರಿಸುತ್ತಿದ್ದಳು. ಊಟದ ಗಂಟೆ ಬಾರಿಸಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಎಡ್ಗರ್ ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದ. ಒಂದು ದಿನವೂ ಹೊರಗೆ ಬಂದು ಏನಾಗುತ್ತಿದೆ ಎಂದು ಕೇಳಲಿಲ್ಲ.

ಹುಲ್ಲು ಹತ್ತಿದ ಮೇಲೆ ಕ್ಲೇವರಿಂಗ್ ನೋಡಲು ಬಂದ. ಕಣಿವೆಯ ತುದಿಯಲ್ಲಿ ನಿಂತ. ಬಾವಿ ಎಲ್ಲಿ ಎಂದು ಹುಡುಕಿದ.

"ಇದೇನಿದು, ಮಿಸ್ ಪಾಸ್ಕೋ? ಮರಳೇ ಇಲ್ಲ. ಹಾಸಿಗೆ ಹಾಸಿದ ಹಾಗಿದೆ."

"ಎಡ್ಗರ್‌ನ ಹೊಸ ಯೋಜನೆ" ಎಂದಳು ವಿನಿಫ್ರೆಡ್. ಅವಳ ದನಿ ಒಂದಿಷ್ಟು ಎತ್ತರದಲ್ಲಿತ್ತು.

ಎಡ್ಗರ್ ಆ ಹೊತ್ತಿಗೇ ಬೇಲಿಯ ಬಾಗಿಲಿಗೆ ಬಂದಿದ್ದ. ಕ್ಲೇವರಿಂಗ್ ಅವನತ್ತ ತಿರುಗಿದ. "ಹೌದೇನು, ಪಾಸ್ಕೋ? ಇದು ನಿಮ್ಮದೇ?"

ವಿನಿಫ್ರೆಡ್ ಅಣ್ಣನನ್ನು ನೋಡಿದಳು. ಹೌದು ಎಂದರೆ ಸಾಕಿತ್ತು. ಟಕ್ ನನ್ನ ಕೊರಳಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ನನ್ನದಲ್ಲ" ಎಂದ ಎಡ್ಗರ್. "ಎಲ್ಲವನ್ನೂ ಚಪ್ಪಟೆ ಮಾಡು ಅಂತ ನಾನು ಹೇಳಿದ್ದೆ. ಅವಳು ಕೇಳಲಿಲ್ಲ. ಇದು ಪೂರ್ತಿ ಅವಳದು."

ಅವನು ತಂಗಿಯನ್ನು ಸಿಕ್ಕಿಸಬೇಕೆಂದು ಹೇಳಿದ್ದಲ್ಲ. ಇನ್ನೊಬ್ಬರದ್ದನ್ನು ತನ್ನದು ಎನ್ನಲಾರದೆ ಹೇಳಿದ್ದು. ಆದರೆ ವಿನಿಫ್ರೆಡ್‌ಳ ಮುಖ ಬಿಳಚಿಕೊಂಡಿತು. ಕ್ಲೇವರಿಂಗ್‌ನ ಮುಖ ಕೆಂಪಾಯಿತು. ಹೆಂಗಸೊಬ್ಬಳು ಹೇಳದೆ ಕೇಳದೆ ಕ್ಲಬ್ಬಿನ ಹೆಸರಾಂತ ಜಾಗವನ್ನು ಅಳಿಸಿ ಹಾಕಿದ್ದಾಳೆ ಎಂದ. ಸಮಿತಿಗೆ ಏನು ಉತ್ತರ ಹೇಳಲಿ ಎಂದ. ಇವತ್ತೇ ಕೆಲಸ ನಿಲ್ಲಿಸಿ ಎಂದ.

"ಕೆಲಸ ಮುಗಿದಿದೆ" ಎಂದಳು ವಿನಿಫ್ರೆಡ್. "ಆಡಿ ನೋಡಿ. ಶರತ್ಕಾಲದ ಪಂದ್ಯದವರೆಗೆ ಆಡಿ. ಆಮೇಲೂ ಹಾಸಿಗೆ ಅನ್ನಿಸಿದ್ರೆ ಬಾವಿ ತೋಡಿಸಿಕೊಳ್ಳಿ, ನಾನು ಅಡ್ಡ ಬರಲ್ಲ."

ಕ್ಲೇವರಿಂಗ್ ಮೀಸೆ ಕಚ್ಚಿಕೊಂಡು ಒಪ್ಪಿದ. ತೋಡಿಸಲು ಹೇಗೂ ಚಳಿಗಾಲ ಬರಬೇಕಿತ್ತು.

ಆ ಬೇಸಿಗೆಯೆಲ್ಲ ಮನೆಯಲ್ಲಿ ಅಣ್ಣತಂಗಿಯ ನಡುವೆ ಮಾತು ಕಡಿಮೆಯಾಯಿತು. ವಿನಿಫ್ರೆಡ್ ಬೇಲಿಗೆ ಬಂದು ನನಗೆ ಹುಲ್ಲು ಹಾಕಿ, ಒಳಗೆ ಹೋಗಲು ಮನಸ್ಸಿಲ್ಲದೆ ಅಡ್ಡಾಡುತ್ತಿದ್ದಳು. ಎಡ್ಗರ್ ತಗ್ಗಿನ ಅಂಚಿನವರೆಗೆ ನಡೆದು ಬರಲು ಶುರು ಮಾಡಿದ. ಅಂಚಿನಲ್ಲೇ ಸುತ್ತು ಹಾಕುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ.

ಪಂದ್ಯದ ದಿನ ನಾನು ಗಾಡಿಯಲ್ಲಿ ನೀರಿನ ಪೀಪಾಯಿ ಎಳೆದುಕೊಂಡು ಹನ್ನೊಂದರ ಬಳಿಯೇ ಇದ್ದೆ. ಕ್ಲೇವರಿಂಗ್ ಚೆನ್ನಾಗಿಯೇ ಆಡುತ್ತ ಬಂದಿದ್ದ. ಅವನ ಎರಡನೆಯ ಹೊಡೆತ ಗ್ರೀನಿನ ಕಡೆಗೇ ಹೋಯಿತು, ಉಬ್ಬಿಗೆ ತಾಗಿತು, ಯೋಚನೆ ಮಾಡಿದಂತೆ ಸ್ವಲ್ಪ ನಿಂತು, ಹಿಂದಕ್ಕೆ ಉರುಳಿ ತಗ್ಗಿಗೆ ಇಳಿಯಿತು. ಅವನು ನಗುತ್ತಲೇ ಹಿಂದೆ ಹೋದ. ಅಲ್ಲಿಂದ ಹೊಡೆದ ಚೆಂಡು ಗ್ರೀನ್ ದಾಟಿ ಆಚೆ ಹೋಯಿತು. ಆಚೆಯಿಂದ ಹೊಡೆದದ್ದು ಇಳಿಜಾರು ಹಿಡಿದು ಅದೇ ತಗ್ಗಿಗೆ ಬಂತು. ಮತ್ತೆ ಹೊಡೆದ, ಮೆಲ್ಲಗೆ. ಚೆಂಡು ಅರ್ಧ ಏರಿ, ಅವನ ಬೂಟಿನ ಬುಡಕ್ಕೇ ಮರಳಿತು. ಆಮೇಲೆ ಯಾರೂ ಲೆಕ್ಕ ಇಡಲಿಲ್ಲ. ವಿನಿಫ್ರೆಡ್ ಬೇಲಿಯಾಚೆ ತನ್ನ ಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಂದೇ ದುಪ್ಪಟಿಯನ್ನು ಮಡಚಿ ಬಿಚ್ಚಿ ಮಡಚಿ ಬಿಚ್ಚಿ ನಿಂತಿದ್ದಳು.

ಮರುದಿನ ಬೆಳಿಗ್ಗೆ ಕ್ಲೇವರಿಂಗ್ ಒಬ್ಬನೇ ಬಂದ. ಒಂದಿಷ್ಟು ಚೆಂಡುಗಳನ್ನು ತಗ್ಗಿಗೆ ಸುರಿದುಕೊಂಡು ಬೆವರು ಹರಿಯುವವರೆಗೆ ಹೊಡೆದ. ಅದರ ಮರುದಿನವೂ ಬಂದ. ವಾರಗಟ್ಟಲೆ ಬಂದ. ಒಮ್ಮೆ ಸದ್ದಿಲ್ಲದೆ ಬೇಲಿಯ ಬಳಿ ನಿಂತು, "ಮಿಸ್ ಪಾಸ್ಕೋ, ಇಲ್ಲಿಂದ ನೀವು ಹೇಗೆ ಹೊಡೀತೀರಿ?" ಎಂದು ಕೇಳಿದ. ಅವಳು ಹೋಗಿ ತೋರಿಸಿದಳು. ಚೆನ್ನಾಗಿದೆ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಬಾವಿ ತೋಡುವ ಮಾತೂ ಬರಲಿಲ್ಲ. ಚಳಿಗಾಲ ಬಂದು ಹೋಯಿತು. ಉಳಿದ ದಾರಿಗಳ ಮರಳುಗುಂಡಿಗಳನ್ನು ಎಲ್ಲಿ ಉಳಿಸಬೇಕು, ಎಲ್ಲಿ ಅಳಿಸಬೇಕು ಎಂದು ಸಮಿತಿಯವರು ಅವಳನ್ನೇ ಕೇಳತೊಡಗಿದರು. ಕಟ್ಟಡದ ಗೋಡೆಯ ಫಲಕದಲ್ಲಿ ಮಾತ್ರ ವಿನ್ಯಾಸಕಾರ ಎಂದು ಎಡ್ಗರ್‌ನ ಹೆಸರೇ ಇದೆಯಂತೆ. ಟಕ್ ಇದನ್ನು ಹೇಳಿದಾಗ ಅವಳು ಭುಜ ಕೊಡವಿದಳು, ಆದರೆ ಆ ದಿನವೆಲ್ಲ ಯಾರ ಮೇಲೋ ಸಿಟ್ಟಿನಲ್ಲಿದ್ದಳು.

ಕಾಲ ಉರುಳಿತು. ಒಂದು ವಸಂತದಲ್ಲಿ ಪೆಟ್ರೋಲ್ ವಾಸನೆ ಹೊಡೆಯುವ, ಗುಡುಗುಡು ಎನ್ನುವ ಯಂತ್ರವೊಂದು ಬಂತು. ನಾನು ದಿನವಿಡೀ ಎಳೆದು ಕತ್ತರಿಸುತ್ತಿದ್ದ ಹುಲ್ಲನ್ನು ಅದು ಮಧ್ಯಾಹ್ನದೊಳಗೆ ಮುಗಿಸುತ್ತಿತ್ತು. ಅದಕ್ಕೆ ಬೂಟು ಬೇಡ, ಹುಲ್ಲು ಬೇಡ, ನಿಲ್ಲು ಎಂದರೆ ನಿಲ್ಲುತ್ತಿತ್ತು. ನನ್ನನ್ನು ಕಸಾಯಿಯವನಿಗೆ ಕೊಡುವ ಮಾತಾಯಿತು. ಅವನ ಗಾಡಿ ಬರುವ ದಿನ ಬೆಳಿಗ್ಗೆ ವಿನಿಫ್ರೆಡ್ ಲಾಯಕ್ಕೆ ಬಂದು, ಯಾರನ್ನೂ ಕೇಳದೆ ನನ್ನ ಹಗ್ಗ ಬಿಚ್ಚಿ ಮನೆಗೆ ನಡೆಸಿಕೊಂಡು ಹೋದಳು. ಟಕ್ ಬಾಗಿಲಲ್ಲಿ ನಿಂತಿದ್ದ. "ಕುದುರೆ ಎಲ್ಲಿ ಅಂತ ಕೇಳಿದ್ರೆ ಏನು ಹೇಳ್ಲಿ, ಮಿಸ್?" ಎಂದ. "ಕರ್ಕೊಂಡು ಹೋದೆ ಅಂತ ಹೇಳು" ಎಂದಳು.

ಅಂದಿನಿಂದ ನನ್ನ ವಾಸ ಅವರ ಮನೆಯ ಹಿತ್ತಲಿನಲ್ಲಿ, ಹನ್ನೊಂದರ ಬೇಲಿಯ ಈಚೆ. ಎಡಗಣ್ಣು ಪೂರ್ತಿ ಹೋಗಿದೆ, ಮೊಣಕಾಲು ಬಿಗಿದಿದೆ. ಮುದಿ ಪ್ರಾಣಿಗೆ ನೆರಳು, ನೆಮ್ಮದಿ ಇದ್ದರೆ ಸಾಕು ಎಂದು ಜನ ಅಂದುಕೊಳ್ಳುತ್ತಾರೆ. ನನಗೆ ಇವತ್ತಿಗೂ ನೆರಳಿನಲ್ಲಿ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಗಾಳಿ ಎದ್ದರೆ ಬೇಲಿಯುದ್ದಕ್ಕೂ ನಡೆಯುತ್ತೇನೆ. ನಾನು ಎಳೆದ ಮಣ್ಣೂ ಎಲ್ಲೂ ನಿಂತದ್ದಿಲ್ಲ: ಒಡ್ಡಾಯಿತು, ಬಾವಿಯಾಯಿತು, ಆಲೂಗಡ್ಡೆಯ ಸಾಲಾಯಿತು, ತಗ್ಗಾಯಿತು. ಸುಮ್ಮನಿರಲಾರದ ಈ ಸ್ವಭಾವವನ್ನು ಬಹಳ ಕಾಲ ನನ್ನ ಕೊರತೆಯೆಂದೇ ತಿಳಿದಿದ್ದೆ. ಮೊನ್ನೆಯಿಂದ ಹಾಗೆ ಅನ್ನಿಸುತ್ತಿಲ್ಲ.

ಮೊನ್ನೆ ಮಧ್ಯಾಹ್ನ ಎಡ್ಗರ್ ಕೋಲು ಮತ್ತು ಒಂದೇ ಒಂದು ಚೆಂಡು ಹಿಡಿದು ಬಂದ. ಇತ್ತೀಚೆಗೆ ಹೀಗೆ ಸುಮ್ಮನೆ ತಟ್ಟುತ್ತ ಅಂಚಿನಲ್ಲಿ ಅಡ್ಡಾಡುವುದುಂಟು. ಚೆಂಡು ಉಬ್ಬಿಗೆ ತಾಗಿ ತಗ್ಗಿಗೆ ಉರುಳಿತು. ಅವನು ಅಂಚಿನಲ್ಲಿ ನಿಂತು ಅದನ್ನು ನೋಡಿದ. ಎಂದಿನಂತೆ ಬಿಟ್ಟು ಬರುತ್ತಾನೆ ಎಂದುಕೊಂಡೆ. ಅವನು ಒಂದು ಕಾಲು ಕೆಳಗಿಟ್ಟ. ಸ್ವಲ್ಪ ತಡೆದು ಇನ್ನೊಂದು ಇಟ್ಟ. ತಳಕ್ಕೆ ಹೋದ. ಚೆಂಡಿನ ಪಕ್ಕ ಕೂತ. ನಾನು ಕಿವಿ ನಿಗುರಿಸಿ ನಿಂತೆ.

"ವಿನಿ" ಎಂದು ಕೂಗಿದ.

ಅವಳು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿ ಬಂದಳು. ನನ್ನನ್ನು ದಾಟಿ, ಬೇಲಿಯ ಬಾಗಿಲು ದಾಟಿ, ಅಂಚಿಗೆ ಹೋಗಿ ನಿಂತಳು. ಎಡ್ಗರ್ ಅಂಗೈಯಿಂದ ಹುಲ್ಲಿನ ಇಳಿಜಾರನ್ನು ಸವರುತ್ತ ಕೂತಿದ್ದ.

"ಈ ಬಲಗಡೆಯ ಏರು ಸರಿಯಿಲ್ಲ" ಎಂದ. "ಚೆಂಡು ಇಲ್ಲಿಗೆ ಬಂದು ಸುಮ್ನೆ ನಿಂತುಬಿಡುತ್ತೆ. ಇದನ್ನ ಇನ್ನೊಂದು ಗೇಣು ಕೆರೆಸಿದ್ರೆ ಆ ಕಡೆಗೆ ಉರುಳುತ್ತೆ. ಟಕ್‌ನ ಕರಿ."

ವಿನಿಫ್ರೆಡ್ ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡಳು. ಆಮೇಲೆ ಹೇಳಿದಳು, "ಇಷ್ಟು ವರ್ಷದಿಂದ ಎಲ್ಲರೂ ಇದನ್ನ ಚೆನ್ನಾಗಿದೆ ಅಂತಿದ್ದಾರೆ."

"ಅವರೆಲ್ಲ ಆಡಿ ಹೋದವರು. ಇಲ್ಲಿ ಬಂದು ಕೂತು ನೋಡು."

ಅವಳು ಇಳಿದು ಅವನ ಪಕ್ಕ ಕೂತಳು. ಇಳಿಜಾರನ್ನು ನೋಡಿದಳು. ಅಣ್ಣನ ಮುಖವನ್ನು ಇನ್ನೂ ಹೆಚ್ಚು ಹೊತ್ತು ನೋಡಿದಳು.

"ಕೆರೆಸಬೇಕಾದ್ದು ಬಲಗಡೆ ಅಲ್ಲ" ಎಂದಳು. "ಎಡಗಡೆ."

"ಎಡಗಡೆ ಯಾಕೆ? ಗಾಳಿ ಎಲ್ಲಿಂದ ಬರುತ್ತೆ ನೋಡು."

"ಗಾಳಿ ನನಗೆ ಹೇಳಿಕೊಡಬೇಡ, ಎಡ್ಗರ್."

ದನಿ ಎರಡೂ ಏರಿದವು. ಮುದುಕನಾಗಿರುವ ಟಕ್ ಆ ಗದ್ದಲ ಕೇಳಿ, ಕರೆಯುವ ಮೊದಲೇ ಸನಿಕೆ ಹೆಗಲ ಮೇಲಿಟ್ಟುಕೊಂಡು ಬಂದ. ತಗ್ಗಿನಲ್ಲಿ ಕೂತ ಇಬ್ಬರನ್ನೂ ನೋಡಿದ. ಏನೂ ಆಶ್ಚರ್ಯ ತೋರಿಸದೆ, ಎಲ್ಲಿ ಕೆರೀಬೇಕು ಹೇಳಿ ಎಂದ.

ಅಣ್ಣತಂಗಿ ಒಟ್ಟಿಗೇ ಕೈ ತೋರಿಸಿದರು, ಒಬ್ಬೊಬ್ಬರು ಒಂದೊಂದು ಕಡೆಗೆ.